ಭಾನುವಾರದ ಕೈಗಳಿಗೆ ಒಂದು ಮೇಜು

ಕಳೆದ ಸಂಚಿಕೆಯಲ್ಲಿ ಅರ್ಧ ಪುಟ ಬರೆದಿದ್ದೆ. ವಾರವೆಲ್ಲ ಬೇರೆಲ್ಲೋ ದುಡಿದು, ರಾತ್ರಿ ಹೊತ್ತು ಮತ್ತು ರಜೆಯಲ್ಲಿ ಚಿತ್ರ ಬರೆಯುವ, ಮಡಕೆ ಮಾಡುವ, ಹೊಲಿಯುವ, ಮರ ಕೆತ್ತುವ ಜನರಿಗೆ ಅಕ್ಕಪಕ್ಕದವರೇ ಸೇರಿ ನಡೆಸುವ ಸಂತೆಗಳು ಹೇಗೆ ಆಸರೆಯಾಗುತ್ತವೆ ಎಂದು. ಅದಕ್ಕೆ ಬಂದ ಪತ್ರಗಳನ್ನು ರಟ್ಟು ಹಾಕಿಸಿದರೆ ಒಂದು ಸಣ್ಣ ಪುಸ್ತಕವೇ ಆಗುತ್ತದೆ. ಕೊಳ್ಳುವವರು ಬರೆದಿದ್ದಾರೆ, ಮಾರುವವರು ಬರೆದಿದ್ದಾರೆ, ಇಬ್ಬರ ಮೇಲೂ ಸಿಟ್ಟಿರುವವರೂ ಬರೆದಿದ್ದಾರೆ. ಉತ್ತರಕ್ಕೆ ಮೊದಲು ನನ್ನ ಪಕ್ಷಪಾತ ಹೇಳಿಬಿಡುತ್ತೇನೆ. ನಾನೂ ಐದು ದಿನ ಲೆಕ್ಕಪತ್ರ ನೋಡಿ ಎರಡು ದಿನ ಮಣ್ಣು ತುಳಿಯುವವಳೇ. ಸಂತೆಯಲ್ಲಿ ಮೇಜು ಹಾಕುತ್ತೇನೆ, ಗೆಳತಿಯರ ಜೊತೆ ಸೇರಿ ಸಂತೆ ನಡೆಸಿ ಕೈಸುಟ್ಟುಕೊಂಡದ್ದೂ ಇದೆ. ಹಾಗಾಗಿ ನ್ಯಾಯಾಧೀಶರ ಹಾಗೆ ಎರಡೂ ಕಡೆ ಸಮನಾಗಿ ತೂಗಿ ಮಾತಾಡುತ್ತೇನೆ ಎಂದು ನಿರೀಕ್ಷಿಸಬೇಡಿ.

ಪ್ರಶ್ನೆ: ಸಂತೆಯಲ್ಲಿ ಒಂದು ಮಣ್ಣಿನ ಕಪ್ ತುಂಬ ಇಷ್ಟವಾಯಿತು. ಬೆಲೆ ಕೇಳಿ ಹೌಹಾರಿದೆ. ಅಂಗಡಿಯ ಕಪ್‌ಗಿಂತ ನಾಲ್ಕೈದು ಪಟ್ಟು ಜಾಸ್ತಿ! ಮಾರುತ್ತಿದ್ದವರಿಗೆ ಒಳ್ಳೆಯ ನೌಕರಿ ಇದೆಯಂತೆ. ಅವರಿಗೆ ಇದು ಹವ್ಯಾಸ ತಾನೇ? ಚೌಕಾಸಿ ಮಾಡಿದರೆ ತಪ್ಪೇನು?

ಕಪ್ ಎಂದಿರಲ್ಲ, ಸರಿಯಾದ ಜಾಗಕ್ಕೇ ಬಂದಿರಿ.

ಚಕ್ರದ ಮೇಲೆ ಕಪ್ ಏಳುವುದಕ್ಕೆ ಐದು ನಿಮಿಷ ಸಾಕು. ಸಂತೆಯಲ್ಲಿ ಯಾರಾದರೂ ಮಾಡಿ ತೋರಿಸಿದರೆ ಜನ ನೋಡುವುದು ಆ ಐದು ನಿಮಿಷವನ್ನು ಮಾತ್ರ. ಅದಕ್ಕೆ ಮುಂಚೆ ಮಣ್ಣನ್ನು ಗಾಳಿಗುಳ್ಳೆ ಹೋಗುವ ತನಕ ನಾದಬೇಕು. ಆಮೇಲೆ ಕಪ್ ಒಂದು ಹದಕ್ಕೆ ಬರುವ ತನಕ ಕಾಯಬೇಕು. ಒತ್ತಿದರೆ ತಗ್ಗು ಬೀಳಬಾರದು, ಉಗುರಿಟ್ಟರೆ ಗೀರು ಬೀಳಬೇಕು, ಹೆಚ್ಚು ಕಡಿಮೆ ಗಟ್ಟಿ ಚರ್ಮದ ಹಾಗೆ. ಅಷ್ಟರಲ್ಲಿ ಅದನ್ನು ತಲೆಕೆಳಗು ಮಾಡಿ ತಳ ಹೆರೆಯಬೇಕು, ಹಿಡಿ ಅಂಟಿಸಬೇಕು. ಹಿಡಿಯ ಮಣ್ಣು ಹಸಿ ಇದ್ದು ಕಪ್ ಒಣಗಿದ್ದರೆ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ, ಕೂಡಿದ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಬರುತ್ತದೆ. ಆ ಬಿರುಕು ಎಷ್ಟೋ ಸಲ ಕಾಣಿಸುವುದು ಸುಟ್ಟ ಮೇಲೆ. ಇನ್ನು ಮಣ್ಣಿಗೆ ನನ್ನ ಕಚೇರಿಯ ವೇಳೆ ಗೊತ್ತಿಲ್ಲ. ಬುಧವಾರ ಸಂಜೆ ಐದಕ್ಕೆ ಹದಕ್ಕೆ ಬರಬೇಕಾದದ್ದು ಬಿಸಿಲು ಜೋರಾಗಿದ್ದರೆ ಮಧ್ಯಾಹ್ನವೇ ಬಂದು, ನಾನು ಮನೆ ಮುಟ್ಟುವಷ್ಟರಲ್ಲಿ ಬಿಸ್ಕತ್ತಿನ ಹಾಗೆ ಒಣಗಿ ಕೂತಿರುತ್ತದೆ. ಮಾಡಿದ ಕಪ್‌ಗಳೆಲ್ಲ ಮತ್ತೆ ನೀರಿನ ಬಕೆಟ್ಟಿಗೆ.

ಉಳಿದದ್ದು ದಿನಗಟ್ಟಲೆ ಒಣಗಬೇಕು. ಆಮೇಲೆ ಸುಮಾರು 1000 ಡಿಗ್ರಿಯಲ್ಲಿ ಮೊದಲ ಸುಡುವಿಕೆ. ಗಾಜಿನಂಥ ಮೆರುಗಿನ ಲೇಪ ಹಚ್ಚಿ, ಗಟ್ಟಿ ಮಣ್ಣಾದರೆ 1200 ಡಿಗ್ರಿ ದಾಟಿ ಎರಡನೆಯದು. ಸುಡುವ ಗೂಡು ತಣ್ಣಗಾಗಲು ಹತ್ತಿರ ಹತ್ತಿರ ಒಂದು ದಿನ. ಆತುರಪಟ್ಟು ಬಾಗಿಲು ತೆಗೆದರೆ ಒಳಗೆ ಟಿಣ್ ಟಿಣ್ ಎಂದು ಸದ್ದು ಕೇಳುತ್ತದೆ, ಅದು ಮೆರುಗು ಒಡೆಯುವ ಸದ್ದು. ಅಷ್ಟಾಗಿ ಹೊರಬಂದ ಕಪ್, ಚಕ್ರದ ಮೇಲಿದ್ದಾಗಿನದಕ್ಕಿಂತ ನೂರಕ್ಕೆ ಹತ್ತು ಹನ್ನೆರಡು ಪಾಲು ಚಿಕ್ಕದಾಗಿರುತ್ತದೆ. ಬೆಲೆ ಮಾತ್ರ ಹಾಗೆ ಕುಗ್ಗಬೇಕು ಅಂದರೆ ಹೇಗೆ?

ನೌಕರಿ ಇದೆ, ನಿಜ. ಆದರೆ ನೌಕರಿ ಕೊಡುವುದು ಹಣ, ತಗೊಳ್ಳುವುದು ಸಮಯ. ಹವ್ಯಾಸಿಗಳ ಹತ್ತಿರ ಇಲ್ಲದೇ ಇರುವುದು ಅದೇ ಸಮಯ. ನೀವು ಬೆಲೆ ಕೊಡುವುದು ಆ ಕಪ್‌ಗೆ ಹಾಕಿದ ಹೊತ್ತಿಗೆ, ಮಾಡಿದವರ ಬಡತನಕ್ಕೋ ಸಿರಿತನಕ್ಕೋ ಅಲ್ಲ. ನಿಮ್ಮ ದಂತವೈದ್ಯರಿಗೆ ಅಪ್ಪನ ಆಸ್ತಿ ಇದೆ ಎಂದು ಹಲ್ಲು ಕೀಳುವ ಫೀಸಿನಲ್ಲಿ ಚೌಕಾಸಿ ಮಾಡುತ್ತೀರಾ?

ಹಾಗಂತ ಕೈಗೆಟುಕದ್ದನ್ನು ಕೊಳ್ಳಲೇಬೇಕು ಎಂದೇನಿಲ್ಲ. “ಸಣ್ಣದು ಇದೆಯಾ? ಚೂರು ದೋಷ ಇರುವ ಮಾಲು ಇದೆಯಾ?” ಎಂದು ಕೇಳಿ. ಮೆರುಗು ಒಂದು ಕಡೆ ತೆಳುವಾಗಿದೆ, ಬಾಯಿ ಒಂಚೂರು ಓರೆಯಾಗಿದೆ ಎಂಬ ಕಾರಣಕ್ಕೆ ಮೇಜಿನ ಕೆಳಗೆ ಪೆಟ್ಟಿಗೆಯಲ್ಲಿಟ್ಟ ಮಾಲು ನಮ್ಮೆಲ್ಲರ ಹತ್ತಿರವೂ ಇರುತ್ತದೆ. ಅದನ್ನು ಕಡಿಮೆಗೆ ಕೊಡಲು ನಮಗೂ ಖುಷಿ. ಅದೂ ಬೇಡವಾದರೆ “ಚೆನ್ನಾಗಿದೆ” ಎಂದು ಹೇಳಿ ಮುಂದೆ ಹೋಗಿ. “ಇದನ್ನ ನಾನೇ ಮನೆಯಲ್ಲಿ ಮಾಡ್ಕೋಬಹುದು” ಎಂದು ಮಾತ್ರ ಅವರಿಗೆ ಕೇಳುವ ಹಾಗೆ ಅನ್ನಬೇಡಿ. ಮಾಡಿಕೊಳ್ಳಿ, ಯಾರು ಬೇಡ ಅಂದರು!

ಪ್ರಶ್ನೆ: ನಾನು ಶಾಲೆಯಲ್ಲಿ ಪಾಠ ಮಾಡುತ್ತೇನೆ, ಬಿಡುವಿನಲ್ಲಿ ಬಟ್ಟೆಯ ಚೀಲ ಹೊಲಿದು ಸಂತೆಯಲ್ಲಿ ಮಾರುತ್ತೇನೆ. ಬಟ್ಟೆಯ ಅಸಲು ಬಂದರೆ ಸಾಕು ಎಂದು ಕಡಿಮೆ ಬೆಲೆ ಇಟ್ಟಿದ್ದೆ. ಮೊನ್ನೆ ಪಕ್ಕದ ಮೇಜಿನವರು, ಅವರಿಗೆ ಹೊಲಿಗೆಯೇ ಜೀವನ, “ನಿಮ್ಮಿಂದ ನಮ್ಮ ವ್ಯಾಪಾರ ಹಾಳು” ಎಂದರು. ನಾನೇನು ತಪ್ಪು ಮಾಡಿದೆ? ಸಂಬಳ ಬರುವಾಗ ಪೂರ್ತಿ ಬೆಲೆ ಕೇಳಲು ನಾಚಿಕೆಯಾಗುತ್ತದೆ.

ಬಂದ ಪತ್ರಗಳಲ್ಲಿ ಇದು ನನ್ನನ್ನು ಜಾಸ್ತಿ ಕಾಡಿತು. ಯಾಕೆಂದರೆ ಈ ತಪ್ಪನ್ನು ನಾನು ಎರಡು ವರ್ಷ ಮಾಡಿದ್ದೇನೆ.

ಶುರುವಿನಲ್ಲಿ ನನ್ನ ಬಟ್ಟಲುಗಳನ್ನು ಮಣ್ಣು ಮತ್ತು ಕರೆಂಟಿನ ಖರ್ಚಿಗೇ ಮಾರುತ್ತಿದ್ದೆ. ಮಧ್ಯಾಹ್ನದೊಳಗೆ ಮೇಜು ಖಾಲಿ. ಎಂಥಾ ಹೆಮ್ಮೆ! ಒಂದು ದಿನ ಹಿರಿಯ ಕುಂಬಾರರೊಬ್ಬರು ಬಂದು, ನನ್ನ ಬಟ್ಟಲೊಂದನ್ನು ತಿರುಗಿಸಿ ತಳ ನೋಡಿ, ಬೆರಳಿನಿಂದ ಅಂಚು ಸವರಿ, “ಇದಕ್ಕೆ ಎಷ್ಟು ಹೊತ್ತು ಹಿಡಿಯಿತು?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಯಾವತ್ತೂ ಲೆಕ್ಕ ಇಟ್ಟಿರಲಿಲ್ಲ, ಲೆಕ್ಕಪತ್ರವೇ ನನ್ನ ನೌಕರಿ ಆದರೂ. ಅವರು ಬೈಯಲಿಲ್ಲ. “ಹೊತ್ತು ಬರೆದಿಡಮ್ಮ” ಎಂದಷ್ಟೇ ಹೇಳಿ ಹೋದರು. ಬರೆದಿಟ್ಟೆ. ತಿಂಗಳ ಕೊನೆಗೆ ನೋಡಿದರೆ ನನ್ನ ಒಂದು ಗಂಟೆಗೆ ಸಿಕ್ಕಿದ್ದು ಸೊನ್ನೆಗಿಂತ ಕಡಿಮೆ. ಯಾಕೆಂದರೆ ಒಡೆದ ಬಟ್ಟಲು, ಸಂತೆಯ ಬಾಡಿಗೆ, ಸಾಗಣೆ ಯಾವುದನ್ನೂ ನಾನು ಎಣಿಸಿಯೇ ಇರಲಿಲ್ಲ. ಕೊಂಡವರಿಗೆಲ್ಲ ನನ್ನ ಸಂಬಳದಿಂದ ಸಬ್ಸಿಡಿ ಕೊಡುತ್ತಿದ್ದೆ. ಅದು ನನ್ನ ಹಣೆಬರಹ ಅನ್ನೋಣ. ಆದರೆ ಆ ಹಿರಿಯರಿಗೆ ಸಬ್ಸಿಡಿ ಕೊಡಲು ಬೇರೆ ಸಂಬಳ ಇರಲಿಲ್ಲ. ಅವರ ಬಟ್ಟಲು “ದುಬಾರಿ” ಆದದ್ದು ಪಕ್ಕದಲ್ಲಿ ನಾನಿದ್ದ ಕಾರಣಕ್ಕೆ.

ಹಾಗಾಗಿ ನಿಮ್ಮ ಪಕ್ಕದ ಮೇಜಿನವರ ಮಾತು ಒರಟಾಗಿರಬಹುದು, ಸುಳ್ಳಲ್ಲ.

ಬೆಲೆ ಹೀಗೆ ಕಟ್ಟಿ. ಒಂದೇ ಸಲಕ್ಕೆ ಹತ್ತು ಚೀಲ ಹೊಲಿಯಿರಿ, ಗಡಿಯಾರ ನೋಡಿಕೊಂಡು. ಬಟ್ಟೆ ತರಲು ಹೋದ ಹೊತ್ತು, ಒಗೆದು ಕುಗ್ಗಿಸಿ ಇಸ್ತ್ರಿ ಮಾಡಿದ ಹೊತ್ತು, ದಾರ ಸಿಕ್ಕಿಕೊಂಡು ಬಿಚ್ಚಿದ ಹೊತ್ತು ಎಲ್ಲ ಸೇರಿಸಿ. ಹತ್ತಕ್ಕೆ ಇಪ್ಪತ್ತೈದು ಗಂಟೆ ಆಯಿತು ಅಂದುಕೊಳ್ಳಿ, ಅಲ್ಲಿಗೆ ಒಂದಕ್ಕೆ ಎರಡೂವರೆ ಗಂಟೆ. ಅದೇ ಕೆಲಸವನ್ನು ಬೇರೊಬ್ಬ ದರ್ಜಿಯಿಂದ ಮಾಡಿಸಿದ್ದರೆ ಗಂಟೆಗೆ ಎಷ್ಟು ಕೊಡುತ್ತಿದ್ದಿರಿ? ಅದೇ ನಿಮ್ಮ ಕೂಲಿ, ಅದಕ್ಕಿಂತ ಒಂದು ಕಾಸೂ ಕಡಿಮೆ ಬೇಡ. ಅದಕ್ಕೆ ಸಾಮಗ್ರಿ ಸೇರಿಸಿ, ಸಂತೆಯ ಖರ್ಚನ್ನು ಒಂದು ದಿನ ಮಾರಾಟವಾಗುವ ಚೀಲಗಳ ಸಂಖ್ಯೆಗೆ ಭಾಗಿಸಿ ಅದನ್ನೂ ಸೇರಿಸಿ. ಹತ್ತರಲ್ಲಿ ಒಂದು ಕೆಡುತ್ತದೆ ಎಂದಾದರೆ ಆ ಒಂದರ ಖರ್ಚನ್ನು ಉಳಿದ ಒಂಬತ್ತು ಹೊರಬೇಕು. ಇಷ್ಟು ಮಾಡಿದಾಗ ಬರುವ ಬೆಲೆ ನೋಡಿ ನಿಮಗೇ ಗಾಬರಿಯಾಗುತ್ತದೆ. ಗಾಬರಿಯಾದರೆ ಲೆಕ್ಕ ಸರಿ ಇದೆ ಎಂದರ್ಥ. ಆ ಬೆಲೆಗೆ ಹೋಗುವುದೇ ಇಲ್ಲ ಎಂದಾದರೆ ಕೂಲಿ ಕಡಿಮೆ ಮಾಡಬೇಡಿ, ಚೀಲವನ್ನು ಸರಳ ಮಾಡಿ. ಒಳಜೇಬು ತೆಗೆಯಿರಿ, ಪಟ್ಟಿ ಎರಡರ ಬದಲು ಒಂದು ಸಾಕು.

ಇನ್ನು ನಾಚಿಕೆ. ಅದರ ಬೇರು ಬೆಲೆಯಲ್ಲಿಲ್ಲ, “ನಾನು ನಿಜವಾದ ಕಲಾವಿದೆ ಅಲ್ಲ” ಎಂಬ ಅನುಮಾನದಲ್ಲಿದೆ. ಇದು ನಿಮಗೊಬ್ಬರಿಗೇ ಅಲ್ಲ. ಇಂಗ್ಲೆಂಡಿನ ಚಿತ್ರಕಾರ ಎಲ್. ಎಸ್. ಲೌರಿ ಮ್ಯಾಂಚೆಸ್ಟರಿನ ಒಂದು ಆಸ್ತಿ ಕಂಪನಿಯಲ್ಲಿ ಮನೆ ಬಾಡಿಗೆ ವಸೂಲಿಯ ಕೆಲಸದಲ್ಲಿದ್ದರು. 1952ರಲ್ಲಿ ನಿವೃತ್ತಿ ಆಗುವ ತನಕ ಅಲ್ಲೇ ಇದ್ದರು, ರಾತ್ರಿ ಚಿತ್ರ ಬರೆಯುತ್ತಿದ್ದರು. ಹೆಸರು ಬಂದ ಮೇಲೂ ಆ ನೌಕರಿಯ ಸುದ್ದಿಯನ್ನು ಮುಚ್ಚಿಟ್ಟರು. ಭಾನುವಾರದ ಚಿತ್ರಕಾರ ಎಂದು ಜನ ಮೂಗು ಮುರಿಯುತ್ತಾರೆ ಎಂಬ ಭಯ! ಅವರು ಬರೆದ ಬೀದಿಗಳೋ, ಬಾಡಿಗೆ ವಸೂಲಿಗೆ ನಡೆದಾಡಿದ ಬೀದಿಗಳೇ. ಪ್ಯಾರಿಸ್ಸಿನ ಆಂರಿ ರುಸೋ ಸುಂಕದ ಕಟ್ಟೆಯಲ್ಲಿ ಗುಮಾಸ್ತೆ, 1893ರಲ್ಲಿ 49ನೇ ವಯಸ್ಸಿಗೆ ಕೆಲಸ ಬಿಟ್ಟು ಪೂರ್ತಿ ಚಿತ್ರಕ್ಕೆ ಇಳಿದವರು. ಜನ ಅವರನ್ನು ಕೊನೆವರೆಗೂ “ಸುಂಕದವ” ಎಂದೇ ಕರೆದರು. ನಾವೇನೂ ಲೌರಿ, ರುಸೋ ಅಲ್ಲ, ಇರಲಿ. ನೌಕರಿ ಇದ್ದದ್ದಕ್ಕೆ ಅವರ ಚಿತ್ರದ ಬೆಲೆಯನ್ನು ಇವತ್ತು ಯಾರೂ ಇಳಿಸುವುದಿಲ್ಲ ಅನ್ನುವುದಷ್ಟೇ ನಮಗೆ ಬೇಕಾದದ್ದು.

ಬೆಲೆ ಏರಿಸಿದ ಮೇಲೆ ಆ ಪಕ್ಕದ ಮೇಜಿನವರಿಗೊಂದು ಮಾತು ತಿಳಿಸಿ. ಸುಮ್ನೆ, ಗೊತ್ತಿರಲಿ ಅಂತ.

ಪ್ರಶ್ನೆ: ನಾವು ಏಳೆಂಟು ಜನ ಸೇರಿ ತಿಂಗಳಿಗೊಂದು ಕೈಕೆಲಸದ ಸಂತೆ ನಡೆಸಬೇಕೆಂದಿದ್ದೇವೆ. ಮೇಜಿಗೆ ಇಷ್ಟು ಎಂದು ಬಾಡಿಗೆ ಇಡಬೇಕೋ, ಮಾರಾಟದಲ್ಲಿ ಪಾಲು ತೆಗೆದುಕೊಳ್ಳಬೇಕೋ? ಬೇರೆ ಏನೇನು ನೋಡಿಕೊಳ್ಳಬೇಕು?

ಮೊದಲು ತಾರೀಖು. ಬಾಡಿಗೆ ಆಮೇಲೆ. “ತಿಂಗಳ ಎರಡನೇ ಭಾನುವಾರ” ಎಂದರೆ ಎರಡನೇ ಭಾನುವಾರವೇ, ಹತ್ತೇ ಜನ ಬಂದರೂ ಸರಿ. ನೌಕರಿ ಇರುವವರು ಎರಡು ತಿಂಗಳು ಮೊದಲೇ ರಜೆ, ಮಕ್ಕಳ ಪರೀಕ್ಷೆ, ಗೂಡು ಹಚ್ಚುವ ದಿನ ಎಲ್ಲ ಹೊಂದಿಸಿಕೊಳ್ಳಬೇಕು. ನಾವು ನಡೆಸಿದಾಗ ಮಾಡಿದ ದೊಡ್ಡ ಎಡವಟ್ಟು ಇದೇ. ಜಾಗ ಸಿಕ್ಕಾಗ ಸಂತೆ ಎಂದು ತಾರೀಖು ಬದಲಿಸುತ್ತಾ ಹೋದೆವು. ಐದನೇ ತಿಂಗಳಿಗೆ ಬಂದವರೆಲ್ಲ ಪೂರ್ತಿ ಸಮಯದ ವ್ಯಾಪಾರಿಗಳು. ಯಾರಿಗಾಗಿ ಶುರು ಮಾಡಿದ್ದೆವೋ ಅವರೇ ಇಲ್ಲ.

ಬಾಡಿಗೆಯ ವಿಷಯ. ಗೊತ್ತಾದ ಬಾಡಿಗೆ ನಿಮಗೆ ಸಲೀಸು, ಲೆಕ್ಕದ ರಗಳೆ ಇಲ್ಲ. ಆದರೆ ಮೊದಲ ಸಲ ಹನ್ನೆರಡು ಚಿತ್ರ ಹಿಡಿದು ಬರುವವರಿಗೆ ಅದು ಜೂಜು. ಮಾರಾಟದ ಪಾಲು ತೆಗೆದುಕೊಂಡರೆ ನಷ್ಟದಲ್ಲಿ ನೀವೂ ಪಾಲುದಾರರು, ಹಾಗಾಗಿ ಜನರನ್ನು ಕರೆತರುವ ಹುರುಪು ನಿಮಗೂ ಇರುತ್ತದೆ. ನನ್ನ ಮತ ಎರಡರ ಮಿಶ್ರಣಕ್ಕೆ: ಕಡಿಮೆ ಬಾಡಿಗೆ, ಒಂದು ಮಿತಿ ದಾಟಿದ ಮಾರಾಟಕ್ಕೆ ಸಣ್ಣ ಪಾಲು. ದೊಡ್ಡ ಗ್ಯಾಲರಿಗಳು ಸಾಮಾನ್ಯವಾಗಿ ಅರ್ಧಕ್ಕರ್ಧ ತೆಗೆದುಕೊಳ್ಳುತ್ತವೆ, ಗೋಡೆ, ಬೆಳಕು, ಗಿರಾಕಿ ಎಲ್ಲ ಅವರದೇ. ನೀವು ಕೊಡುವುದು ಒಂದು ಮೇಜು ಮತ್ತು ನೆರಳು. ಅದಕ್ಕೆ ತಕ್ಕ ಹಾಗಿರಲಿ. ಮಾರುವವರಲ್ಲಿ ಒಂದು ಹಳೆಯ ಅಂದಾಜಿದೆ: ದಿನದ ಮಾರಾಟ ಬಾಡಿಗೆಯ ಹತ್ತು ಪಟ್ಟು ಇದ್ದರೆ ಆ ಸಂತೆ ಲಾಯಕ್ಕು. ಅದನ್ನು ತಲೆಯಲ್ಲಿಟ್ಟುಕೊಂಡು ಬಾಡಿಗೆ ಇಡಿ.

ಅರ್ಧ ಮೇಜು ಕೊಡಿ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ವಾರಕ್ಕೆ ಎರಡು ಸಂಜೆ ಕೂತು ಕಿವಿಯೋಲೆ ಮಾಡುವವರ ಹತ್ತಿರ ಪೂರ್ತಿ ಮೇಜು ತುಂಬುವಷ್ಟು ಮಾಲು ಇರುವುದೇ ಇಲ್ಲ. ಮೇಜು ತುಂಬಿಸಬೇಕಲ್ಲ ಎಂದು ಅವರು ಎಲ್ಲಿಂದಲೋ ಸಗಟು ಮಾಲು ತಂದು ಸೇರಿಸುವುದು ಹೀಗೇ ಶುರುವಾಗುತ್ತದೆ. ಇಬ್ಬರಿಗೆ ಒಂದು ಮೇಜು ಕೊಟ್ಟರೆ ಇನ್ನೊಂದು ಲಾಭ. ಒಬ್ಬರು ಎದ್ದು ಹೋದಾಗ ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ಒಬ್ಬರೇ ಬಂದವರು ಬೆಳಿಗ್ಗೆಯಿಂದ ಸಂಜೆ ತನಕ ಶೌಚಕ್ಕೂ ಹೋಗದೆ ಕೂರುವುದನ್ನು ನೋಡಿದ್ದೇನೆ. ಅರ್ಧ ಮೇಜು ಆಗದಿದ್ದರೆ, ಸುಮ್ನೆ ಮೇಜಿಂದ ಮೇಜಿಗೆ ಹೋಗಿ “ಹತ್ತು ನಿಮಿಷ ನಾನು ನೋಡ್ಕೋತೀನಿ” ಅನ್ನುವ ಒಬ್ಬ ಸ್ವಯಂಸೇವಕರನ್ನಾದರೂ ಇಡಿ.

ಒಂದೇ ಬಗೆಯ ಮೇಜು ಎಷ್ಟಿರಬಹುದು ಎಂದು ಮೊದಲೇ ತೀರ್ಮಾನಿಸಿ. ಇಪ್ಪತ್ತು ಮೇಜಿನಲ್ಲಿ ಎಂಟು ಮೇಣದ ಬತ್ತಿಯವಾದರೆ ಎಂಟು ಜನಕ್ಕೂ ಅನ್ಯಾಯ.

ಬಯಲಿನಲ್ಲಿ ನಡೆಸುವುದಾದರೆ ಗಾಳಿಗೆ ಹೆದರಿ. ಮಳೆಗಿಂತ ಜಾಸ್ತಿ ಗಾಳಿಗೆ. ಒಂದು ಸಲ ಮಧ್ಯಾಹ್ನ ಎರಡರ ಹೊತ್ತಿಗೆ ಒಂದೇ ಒಂದು ಬೀಸು ಬಂತು, ಆಮೇಲೆ ಎಲೆ ಕೂಡ ಅಲ್ಲಾಡಲಿಲ್ಲ. ಅಷ್ಟರಲ್ಲಿ ಪಕ್ಕದವರ ಚಪ್ಪರದ ಕೊಡೆ ಎದ್ದು, ನಿಧಾನವಾಗಿ, ಬೇಕಂತಲೇ ಮಾಡಿದ ಹಾಗೆ, ನನ್ನ ಮೇಜಿನ ಮೇಲೆ ಮಲಗಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವುದನ್ನು ಗಾದೆ ಎಂದುಕೊಂಡಿದ್ದೆ. ನಲವತ್ತಮೂರು ಚೂರುಗಳನ್ನು, ಹೌದು, ಎಣಿಸಿದೆ, ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿಕೊಂಡು ಮನೆಗೆ ಬಂದೆ. ಕೊಡೆಯ ಪ್ರತಿ ಕಾಲಿಗೂ 15ರಿಂದ 20 ಕಿಲೋ ಭಾರ ಕಟ್ಟಿಸಿ. ನೀರಿನ ಕ್ಯಾನು, ಮರಳಿನ ಚೀಲ ಯಾವುದಾದರೂ ಸರಿ. ಇಟ್ಟಿಗೆ ಒರಗಿಸಿಟ್ಟರೆ ಸಾಲದು, ಕಟ್ಟಬೇಕು.

ಪ್ರಶ್ನೆ: ನಮ್ಮ ಸಂತೆಯಲ್ಲಿ ಕೆಲವರು ಕಾರ್ಖಾನೆ ಮಾಲನ್ನು ತಂದು “ಕೈಯಲ್ಲಿ ಮಾಡಿದ್ದು” ಎಂದು ಮಾರುತ್ತಾರೆ. ಕಂಡುಹಿಡಿಯುವುದು ಹೇಗೆ?

ಇದು ಸಂತೆಗಳಿಗೆ ಮಾತ್ರ ಅಂಟಿದ ರೋಗ ಅಲ್ಲ. 2005ರಲ್ಲಿ ಶುರುವಾದ ಎಟ್ಸಿ ಅನ್ನುವ ಆನ್‌ಲೈನ್ ಮಾರುಕಟ್ಟೆ ಕೈಕೆಲಸದವರಿಂದಲೇ ಹೆಸರು ಮಾಡಿತು. 2013ರಲ್ಲಿ, ಮಾರುವವರು ಹೊರಗಿನ ತಯಾರಕರಿಂದ ಮಾಡಿಸಿಕೊಳ್ಳಬಹುದು ಎಂದು ನಿಯಮ ಸಡಿಲಿಸಿತು. ಕೈಯಲ್ಲಿ ಮಾಡಿದ್ದು ಎಂದರೆ ಏನು ಅನ್ನುವ ಜಗಳ ಅಲ್ಲಿ ಇವತ್ತಿಗೂ ಮುಗಿದಿಲ್ಲ. ಸಂತೆಯಲ್ಲಿ ನಿಮಗೊಂದು ಅನುಕೂಲ ಇದೆ. ವಸ್ತು ಕೈಯಲ್ಲಿದೆ, ಮಾಡಿದವರು ಎದುರಿಗಿದ್ದಾರೆ.

ಬಟ್ಟಲಾದರೆ ಒಳಗೆ ಬೆರಳಾಡಿಸಿ. ಚಕ್ರದ ಮೇಲೆ ಮಾಡಿದ್ದರಲ್ಲಿ ಬೆರಳ ಸುತ್ತುಗಳು ತಳದಿಂದ ಅಂಚಿಗೆ ಸುರುಳಿಯಾಗಿ ಏರುವುದು ತಾಗುತ್ತದೆ. ಎದುರುಬದುರು ಎರಡು ಕಡೆ ಸಣ್ಣ ಗೆರೆ ಉದ್ದಕ್ಕೆ ಇಳಿದಿದ್ದರೆ ಅದು ಅಚ್ಚಿನದು. ಹಾಗಂತ ಅಚ್ಚೆಲ್ಲ ಮೋಸವಲ್ಲ, ಮನೆಯಲ್ಲೇ ಅಚ್ಚು ಮಾಡಿ ಎರೆಯುವವರೂ ಇದ್ದಾರೆ, ಕೇಳಿದರೆ ಹೇಳುತ್ತಾರೆ. ಮರದ ಅಚ್ಚಿನಿಂದ ಬಣ್ಣ ಒತ್ತಿದ ಬಟ್ಟೆಯಲ್ಲಿ ಒಂದು ಒತ್ತು ಇನ್ನೊಂದನ್ನು ಸೇರುವ ಜಾಗ ನೋಡಿ. ಅಲ್ಲೊಂದಿಲ್ಲೊಂದು ಕಡೆ ಗೆರೆ ದಪ್ಪವಾಗಿರುತ್ತದೆ, ಕೂದಲಷ್ಟು ಜಾರಿರುತ್ತದೆ. ಎಲ್ಲ ಕಡೆ ಒಂದೇ ಥರ ಜಾರಿದ್ದರೆ ಅದು ಜಾರಿದ್ದಲ್ಲ, ಜಾರಿದ ಹಾಗೆ ಕಾಣಲೆಂದು ಯಂತ್ರದಲ್ಲಿ ಮುದ್ರಿಸಿದ್ದು. ಚಿತ್ರವಾದರೆ ಒಂದು ಭೂತಗನ್ನಡಿ ಜೇಬಿನಲ್ಲಿರಲಿ, ಬಣ್ಣ ಚುಕ್ಕಿ ಚುಕ್ಕಿಯಾಗಿ ಕಂಡರೆ ಅದು ಮುದ್ರಣ. ಮುದ್ರಣ ಮಾರುವುದರಲ್ಲಿ ತಪ್ಪೇನಿಲ್ಲ, ಮುದ್ರಣ ಎಂದು ಹೇಳದೆ ಮಾರುವುದು ತಪ್ಪು. ಕೆಳಗೆ ಪೆನ್ಸಿಲ್ಲಿನಲ್ಲಿ 12/50 ಎಂದಿದ್ದರೆ ಐವತ್ತರಲ್ಲಿ ಹನ್ನೆರಡನೆಯದು ಎಂದರ್ಥ, ಅದು ಪ್ರಾಮಾಣಿಕತೆಯ ಗುರುತು.

ಕೊಕ್ಕೆಯ ಸೂಜಿಯಲ್ಲಿ ಹಾಕುವ ಕ್ರೋಶಾದ್ದು ವಿಚಿತ್ರ ಕಥೆ. ಹೆಣಿಗೆಗೆ ಯಂತ್ರ ಇದೆ, ಕಸೂತಿಗೆ ಇದೆ. ನಿಜವಾದ ಕ್ರೋಶಾ ಹಾಕುವ ಯಂತ್ರ ಕಾರ್ಖಾನೆಗಳಲ್ಲಿ ಇನ್ನೂ ಬಳಕೆಗೆ ಬಂದಿಲ್ಲ. ಅದರ ಹಾಗೆ ಕಾಣುವ ಬಟ್ಟೆ ಮಾಡುವ ಯಂತ್ರಗಳಿವೆ, ಅಷ್ಟೇ. ಅಂದರೆ ದೊಡ್ಡ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ನೇತಾಡುವ ಕ್ರೋಶಾ ಅಂಗಿ ಅಸಲಿಯಾಗಿದ್ದರೆ ಅದನ್ನೂ ಯಾರೋ ಕೈಯಲ್ಲೇ ಹಾಕಿದ್ದಾರೆ. ಅವರ ಕೈಗೆ ಎಷ್ಟು ಸಿಕ್ಕಿರಬಹುದು, ನೀವೇ ಊಹಿಸಿ. ಹಾಗಾಗಿ ಕ್ರೋಶಾ ಮೇಜಿನ ಮುಂದೆ ನಿಂತಾಗ “ಕೈಯದ್ದಾ?” ಎಂದು ಕೇಳುವುದಕ್ಕಿಂತ “ನಿಮ್ಮ ಕೈಯದ್ದಾ?” ಎಂದು ಕೇಳುವುದು ಒಳ್ಳೆಯದು.

ಇಷ್ಟೆಲ್ಲ ಗುರುತು ನೆನಪಿಡಲಾಗದಿದ್ದರೆ ಒಂದೇ ಪ್ರಶ್ನೆ ಸಾಕು: “ಇದರಲ್ಲಿ ಜಾಸ್ತಿ ಕೆಡುವುದು ಯಾವ ಹಂತದಲ್ಲಿ?” ಮಾಡಿದವರಾದರೆ ನಿಮ್ಮನ್ನು ಅರ್ಧ ಗಂಟೆ ಬಿಡುವುದಿಲ್ಲ, ಹೊಟ್ಟೆಯಲ್ಲಿದ್ದ ಸಂಕಟವೆಲ್ಲ ಹೊರಗೆ ಬರುತ್ತದೆ. ತಂದು ಮಾರುವವರು “ಏನೂ ಕೆಡಲ್ಲ ಸಾರ್, ಗ್ಯಾರಂಟಿ” ಅನ್ನುತ್ತಾರೆ.

ಪ್ರಶ್ನೆ: ಸಂತೆಯಲ್ಲಿ ಕೊಂಡ ಜಲವರ್ಣ ಚಿತ್ರವೊಂದರ ಕೆಂಪು ಒಂದೂವರೆ ವರ್ಷದಲ್ಲಿ ಮಾಸಿಹೋಯಿತು. ಬರೆದವರು ಪರಿಚಯದವರೇ. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ?

ಹೇಳಿ. ಹೇಳದಿದ್ದರೆ ಅವರು ಅದೇ ಕೆಂಪಿನಲ್ಲಿ ಇನ್ನೂ ನಲವತ್ತು ಚಿತ್ರ ಬರೆಯುತ್ತಾರೆ. ಬಿಸಿಲು ಬೀಳುವ ಗೋಡೆಗೆ ಹಾಕಿದ್ದರೆ ಅದನ್ನೂ ಒಪ್ಪಿಕೊಳ್ಳಿ, ತಪ್ಪಿನಲ್ಲಿ ಅರ್ಧ ನಿಮ್ಮದೂ ಇದೆ.

ಕೆಲವು ಕೆಂಪು, ಗುಲಾಬಿ ಬಣ್ಣಗಳು ಬೆಳಕಿಗೆ ತಾಳುವುದಿಲ್ಲ. ಹಳೆಯ ಅಲಿಜರಿನ್ ಕೆಂಪು ಅದಕ್ಕೇ ಕುಖ್ಯಾತ. ಜಲವರ್ಣದಲ್ಲಿ ಪದರ ತೆಳುವಾದ್ದರಿಂದ ಇನ್ನೂ ಬೇಗ. ದೊಡ್ಡವರಿಗೂ ಇದು ತಪ್ಪಿಲ್ಲ. ವ್ಯಾನ್ ಗೋ 1890ರಲ್ಲಿ ಬರೆದ ಗುಲಾಬಿ ಹೂಗಳು ಆಗ ನಸುಗೆಂಪಾಗಿದ್ದವು, ಈಗ ಬಹುಮಟ್ಟಿಗೆ ಬಿಳಿ. ಅದೂ ಎಣ್ಣೆ ಬಣ್ಣ. ಒಳ್ಳೆಯ ಬಣ್ಣದ ಟ್ಯೂಬಿನ ಮೇಲೆ ಬೆಳಕಿಗೆ ತಾಳುವ ದರ್ಜೆ ಬರೆದಿರುತ್ತದೆ. ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆಯ ದರ್ಜೆಯಾದರೆ ಒಂದು ಮತ್ತು ಎರಡು ಒಳ್ಳೆಯವು, ಅಂಕಿ ಏರಿದಷ್ಟೂ ಕೆಟ್ಟದು. ಬ್ಲೂ ವುಲ್ ಎಂಬ ಇನ್ನೊಂದು ಅಳತೆ ಇದಕ್ಕೆ ಉಲ್ಟಾ. ಒಂದರಿಂದ ಎಂಟು, ಎಂಟು ಅತ್ಯುತ್ತಮ. ಇದು ಗೊಂದಲ ಎಂದಾದರೆ ಮನೆಯಲ್ಲೇ ನೋಡಬಹುದು. ಕಾಗದದ ಮೇಲೆ ಬಣ್ಣದ ಪಟ್ಟಿ ಎಳೆದು, ಅರ್ಧಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಎರಡು ಮೂರು ತಿಂಗಳು ಕಿಟಕಿಗೆ ಅಂಟಿಸಿಡಬೇಕು. ಬಿಚ್ಚಿ ನೋಡಿದಾಗ ಗೊತ್ತಾಗುತ್ತದೆ ಯಾರು ಉಳಿದರು, ಯಾರು ಹೋದರು ಎಂದು.

ಹಣ ವಾಪಸ್ ಕೇಳಬೇಕೋ? ನಾನಾಗಿದ್ದರೆ ಕೇಳುತ್ತಿರಲಿಲ್ಲ. ಅದೇ ಚಿತ್ರವನ್ನು ಬೇರೆ ಕೆಂಪಿನಲ್ಲಿ ಚಿಕ್ಕದಾಗಿ ಬರೆದುಕೊಡಿ ಎನ್ನುತ್ತಿದ್ದೆ.

ಪ್ರಶ್ನೆ: ಮನೆಯಲ್ಲೇ ಸಾಬೂನು ಮಾಡಿ ಮಾರುವವರಿಗೆ ಐವತ್ತು ಸಾಬೂನಿನ ಆರ್ಡರ್ ಕೊಡಲು ಹೋದೆ. ಮುಂದಿನ ವಾರಕ್ಕೆ ಬೇಕು ಎಂದದ್ದಕ್ಕೆ ಆಗಲ್ಲ ಎಂದರು. ವ್ಯಾಪಾರ ಬೇಡವೇ ಇವರಿಗೆ?

ಬೇಕು. ಆದರೆ ಕಾಯಿಸದೆ ಮಾಡುವ ಸಾಬೂನು ನಾಲ್ಕರಿಂದ ಆರು ವಾರ ಗಾಳಿಯಲ್ಲಿ ಕೂರಬೇಕು. ನೀರಂಶ ಹೋಗಿ ಗಟ್ಟಿಯಾಗಬೇಕು, ಇಲ್ಲದಿದ್ದರೆ ನಿಮ್ಮ ಕೈಗೆ ಬರುವುದು ಎರಡು ಸಲ ಉಜ್ಜಿದರೆ ಲೋಳೆಯಾಗುವ ಮುದ್ದೆ. ಆಗಲ್ಲ ಎಂದವರು ನಿಮ್ಮ ಹಣ ಉಳಿಸಿದ್ದಾರೆ. ಎರಡು ತಿಂಗಳು ಮೊದಲು ಹೇಳಿ, ಅರ್ಧ ಮುಂಗಡ ಕೊಡಿ. ಮುಂಗಡ ಇದ್ದರೆ ಅವರು ಎಣ್ಣೆಯನ್ನು ಒಟ್ಟಿಗೆ ಕೊಳ್ಳಬಹುದು, ಯಾವ ರಾತ್ರಿ ಯಾವ ಕೆಲಸ ಎಂದು ಹೊಂದಿಸಿಕೊಳ್ಳಬಹುದು. ಇಪ್ಪತ್ತು ಜನ ಒಂದೊಂದು ಸಾಬೂನು ಕೊಂಡದ್ದಕ್ಕಿಂತ ಹೀಗೆ ಮುಂಚೆ ಹೇಳಿದ ಒಂದು ಆರ್ಡರ್ ಅವರಿಗೆ ಜಾಸ್ತಿ ಆಸರೆ.

ಪ್ರಶ್ನೆ: ಕೊಳ್ಳುವ ಶಕ್ತಿ ಇಲ್ಲದ ವಿದ್ಯಾರ್ಥಿ ನಾನು. ಬೇರೆ ಹೇಗೆ ನೆರವಾಗಬಹುದು?

ಬೆಳಿಗ್ಗೆ ಪೆಟ್ಟಿಗೆ ಇಳಿಸುವಾಗ ಮತ್ತು ಸಂಜೆ ಏರಿಸುವಾಗ ಹೋಗಿ ಕೈ ಹಾಕಿ. ಇದರಷ್ಟು ದೊಡ್ಡ ಉಪಕಾರ ಇನ್ನೊಂದಿಲ್ಲ. ಮನೆಗೆ ಬಂದ ಪಾರ್ಸಲ್ಲುಗಳ ಗುಳ್ಳೆ ಹಾಳೆ, ಗಟ್ಟಿ ಪೆಟ್ಟಿಗೆ ಎಸೆಯದೆ ಕೂಡಿಟ್ಟು ಕೊಡಿ. ಫೋಟೊ ಚೆನ್ನಾಗಿ ತೆಗೆಯುತ್ತೀರಾ? ಮೇಜಿನ ಫೋಟೊ ತೆಗೆದು ಅವರಿಗೇ ಕಳಿಸಿ. ನಿಮ್ಮ ಖಾತೆಯಲ್ಲಿ ಹಾಕುವುದಾದರೆ ಮಾಡಿದವರ ಹೆಸರು ಹಾಕಿ, ಮುಂದಿನ ಸಂತೆಯ ತಾರೀಖನ್ನೂ ಹಾಕಿ. ಬರೀ “ವಾವ್” ಹಾಕಿದರೆ ಅವರು ಎಲ್ಲಿ ಸಿಗುತ್ತಾರೆ ಎಂದು ಯಾರಿಗೆ ಗೊತ್ತಾಗಬೇಕು?

ಪ್ರಶ್ನೆ: ನನ್ನ ಗಂಡ ಮರದ ಆಟಿಕೆ ಮಾಡುತ್ತಾರೆ. ಮೂರು ಸಂತೆಗೆ ಹೋದರು. ದಿನವಿಡೀ ಕೂತು ಎರಡೋ ಮೂರೋ ಮಾರಿ ಮುಖ ಬಾಡಿಸಿಕೊಂಡು ಬರುತ್ತಾರೆ. ಬಿಟ್ಟುಬಿಡಿ ಎಂದು ಹೇಳಲೇ?

ಮೂರು ಸಂತೆಗೆ ಏನೂ ತೀರ್ಮಾನ ಆಗುವುದಿಲ್ಲ. ಮೊದಲ ಸಲ ಜನ ನೋಡುತ್ತಾರೆ, ಎರಡನೇ ಸಲ ಮುಟ್ಟುತ್ತಾರೆ, ಕೊಳ್ಳುವುದು ಹೆಚ್ಚಾಗಿ ಆಮೇಲೆ. ನನ್ನ ಈಗಿನ ಖಾಯಂ ಗಿರಾಕಿಯೊಬ್ಬರು ಬಟ್ಟಲು ಎತ್ತಿ ನೋಡಿ ಹಾಗೇ ಇಟ್ಟುಹೋದದ್ದು ನಾಲ್ಕು ತಿಂಗಳು.

ಆದರೆ “ದಿನವಿಡೀ ಕೂತು” ಎಂದು ಬರೆದಿದ್ದೀರಿ. ಎಲ್ಲಿ ಕೂರುತ್ತಾರೆ? ಮೇಜಿನ ಹಿಂದೆ ತಗ್ಗಿನ ಕುರ್ಚಿಯಲ್ಲಿ, ಕೈಯಲ್ಲಿ ಫೋನು ಹಿಡಿದು? ಹಾಗಿದ್ದರೆ ಗಿರಾಕಿಗೆ ಕಾಣುವುದು ಅವರ ನೆತ್ತಿ. ನಿಲ್ಲಲಿ, ಇಲ್ಲದಿದ್ದರೆ ಎತ್ತರದ ಸ್ಟೂಲ್ ಇಟ್ಟುಕೊಳ್ಳಲಿ. ಉಳಿಯೊಂದು ಮರದ ತುಂಡೊಂದು ಹಿಡಿದು ಅಲ್ಲೇ ಚಕ್ರವೋ ಕಿವಿಯೋ ಕೆತ್ತುತ್ತಾ ಇರಲಿ. ಸುಮ್ನೆ ಕಾಯುತ್ತಾ ಕೂತವರ ಹತ್ತಿರ ಬರಲು ಜನಕ್ಕೆ ಮುಜುಗರ, ಕೆಲಸ ಮಾಡುತ್ತಿರುವವರ ಹತ್ತಿರ ಬಂದು ನಿಲ್ಲಲು ಯಾರಿಗೂ ಮುಜುಗರವಿಲ್ಲ. ಪ್ರತಿ ಆಟಿಕೆಗೂ ಬೆಲೆ ಚೀಟಿ ಅಂಟಿಸಿ, ಅರ್ಧ ಜನ ಬೆಲೆ ಕೇಳಲು ನಾಚಿ ಹೊರಟುಹೋಗುತ್ತಾರೆ. ಎಲ್ಲವನ್ನೂ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಬೇಡಿ, ಬಟ್ಟೆ ಹೊದಿಸಿದ ಎರಡು ಪೆಟ್ಟಿಗೆ ಇಟ್ಟು ಒಂದಷ್ಟನ್ನು ಮೇಲೆತ್ತಿ. ಒಂದು ಆಟಿಕೆಯನ್ನು ಮಾರದೆ, ಮಕ್ಕಳು ಆಡಲೆಂದೇ ಮುಂದೆ ಇಡಿ. ಅದು ಗೀರಿ ಸವೆದು ಕೊಳೆಯಾಗಲಿ. ಎಷ್ಟು ಗಟ್ಟಿ ಎಂದು ಅದೇ ಹೇಳುತ್ತದೆ.

ಮುಂದಿನ ಸಲ ನೀವೂ ಜೊತೆಗೆ ಹೋಗಿ. ಮಧ್ಯಾಹ್ನ ಒಂದು ಗಂಟೆ ಮೇಜು ನೀವು ನೋಡಿಕೊಳ್ಳಿ, ಅವರು ಉಳಿದ ಮೇಜುಗಳನ್ನೆಲ್ಲ ಒಂದು ಸುತ್ತು ನೋಡಿಕೊಂಡು ಬರಲಿ. ಆ ಒಂದು ಗಂಟೆಯಲ್ಲಿ ಯಾರು ಯಾವ ಆಟಿಕೆ ಎತ್ತಿಕೊಂಡರು, ಯಾವುದನ್ನು ಮಗು ಬಿಡಲಿಲ್ಲ, ಯಾವುದನ್ನು ಯಾರೂ ಮುಟ್ಟಲೇ ಇಲ್ಲ ಎಂದು ಒಂದು ಚೀಟಿಯಲ್ಲಿ ಗೀಟು ಹಾಕಿಡಿ. ಆ ಚೀಟಿ ನೋಡಿ ಆಮೇಲೆ ನನಗೆ ಮತ್ತೆ ಬರೆಯಿರಿ, ಬಿಡಬೇಕೋ ಬೇಡವೋ ಆಗ ಮಾತಾಡೋಣ.